ತೆರೆಯ ಮೇಲಿನ ಹಿಮನದಿ, ಕಾಲ್ನಡಿಗೆಯ ಹಿಮನದಿ

(ವಿಜ್ಞಾನ ಶಿಕ್ಷಕರಿಗಾಗಿ ಏರ್ಪಡಿಸಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕದಲ್ಲಿ ಓಡುತ್ತದೆ. ವಾಯುಗುಣವನ್ನು ಲೆಕ್ಕ ಹಾಕುವುದು ಮೂವತ್ತು ವರ್ಷಗಳ ಸರಾಸರಿಯಿಂದ. ವಾಯುಗುಣ ಬದಲಾವಣೆಯ ಬಗ್ಗೆ ಚಿತ್ರ ತೆಗೆಯಲು ಹೊರಟವರಿಗೆಲ್ಲ ಎದುರಾದ ತೊಡಕು ಇದೇ: ದಶಕಗಳನ್ನು ಒಂದೂವರೆ ಗಂಟೆಯೊಳಗೆ ಮಡಿಚಿಡುವುದು ಹೇಗೆ? ಮಡಿಚಿದಾಗ ಬರಿಗಣ್ಣಿಗೆ ಕಾಣದಿದ್ದದ್ದು ಕಾಣುತ್ತದೆ. ಕೆಲವು ಸಂಗತಿಗಳು ಮಡಿಕೆಯಲ್ಲಿ ಮುಚ್ಚಿಯೂ ಹೋಗುತ್ತವೆ. ತರಗತಿಯಲ್ಲಿ ಆ ಮಡಿಕೆಯನ್ನು ಬಿಡಿಸಿ ತೋರಿಸುವ ಕೆಲಸ ವಿಜ್ಞಾನ ಶಿಕ್ಷಕರ ಪಾಲಿಗೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಒಂದು ಹಿಮನದಿಯನ್ನೋ ಕರಗುವ ಕಡಲತೀರವನ್ನೋ ಕಣ್ಣಾರೆ ಕಂಡು ಬಂದ ಶಿಕ್ಷಕರಿಗೆ ಈ ಕೆಲಸ ಹೆಚ್ಚು ಸಲೀಸು.

ಈ ಉಪನ್ಯಾಸ ಮೊದಲು ಬೇಸಿಗೆ ಪ್ರವಾಸದ ವಿಚಾರವನ್ನು ಎತ್ತಿಕೊಳ್ಳುತ್ತದೆ; ಬಳಿಕ ಹಿಮನದಿಯ ಸಾಕ್ಷ್ಯಚಿತ್ರ, ಉಪನ್ಯಾಸವನ್ನೇ ಚಿತ್ರವಾಗಿಸಿದ ಪ್ರಯೋಗ, ಪ್ರಳಯದ ಕಥಾಚಿತ್ರ, ಕೊನೆಯಲ್ಲಿ ಭಾರತದ ಒಂದೆರಡು ಚಿತ್ರಗಳು ಮತ್ತು ಐಸ್‌ಲ್ಯಾಂಡಿನ ಒಂದು ಸಣ್ಣ ಚಿತ್ರ. ಪದದ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ‘ಹವಾಮಾನ ಬದಲಾವಣೆ’ ಎಂಬ ಬಳಕೆಯೇ ಹೆಚ್ಚು. ಶಾಲೆಯ ಭೂಗೋಳ ಪಾಠ ಮಾತ್ರ ಇವತ್ತಿನ ಬಿಸಿಲು-ಮಳೆಗೆ ಹವಾಮಾನ, ದೀರ್ಘಕಾಲದ ಸರಾಸರಿಗೆ ವಾಯುಗುಣ ಎಂದು ಬೇರ್ಪಡಿಸುತ್ತದೆ. ಈ ವ್ಯತ್ಯಾಸ ಮುಂದೆ ಬೇಕಾಗುವುದರಿಂದ ಇಲ್ಲಿ ಪಾಠದ ಪದವನ್ನೇ ಉಳಿಸಿಕೊಂಡಿದೆ.

ಬೇಸಿಗೆ ಪ್ರವಾಸಕ್ಕೂ ವಾಯುಗುಣ ವಿಜ್ಞಾನಕ್ಕೂ ಇರುವ ನಂಟು ಹಳೆಯದು. 1820ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಜಾನ್ ಟಿಂಡಾಲ್ ಮೊದಲು ಭೂಮಾಪಕರಾಗಿ ದುಡಿದರು. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಕ್ವೀನ್‌ವುಡ್ ಶಾಲೆಯಲ್ಲಿ ಪಾಠ ಹೇಳಿದರು. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾದರು. ರಜೆ ಬಂತೆಂದರೆ ಅವರ ದಾರಿ ಆಲ್ಪ್ಸ್ ಪರ್ವತಗಳ ಕಡೆಗೆ. 1857ರ ಬೇಸಿಗೆಯನ್ನು ಅವರು ಫ್ರಾನ್ಸಿನ ಶಾಮೊನಿ ಊರಿನ ಮೇಲಿರುವ ಮೇರ್ ದ ಗ್ಲಾಸ್ ಹಿಮನದಿಯ ಮೇಲೆ ಕಳೆದರು. ಹಿಮದ ಮೇಲೆ ಈ ದಡದಿಂದ ಆ ದಡಕ್ಕೆ ಒಂದೇ ಸಾಲಿನಲ್ಲಿ ಗೂಟಗಳನ್ನು ನೆಟ್ಟು, ಮರುದಿನ ಬಂದು ಥಿಯೊಡೊಲೈಟ್ ಹಿಡಿದು ಯಾವ ಗೂಟ ಎಷ್ಟು ಸರಿದಿದೆ ಎಂದು ಅಳೆಯುವುದು ಅವರ ಕ್ರಮ. ಭೂಮಾಪಕನ ಹಳೆಯ ಕಸುಬು ಇಲ್ಲಿ ಕೈಗೆ ಬಂತು. ದಡದ ಗೂಟಗಳಿಗಿಂತ ನಡುವಿನವು ಹೆಚ್ಚು ಸರಿದಿದ್ದವು. ಹಿಮನದಿ ತಿರುವು ತೆಗೆದುಕೊಂಡಲ್ಲಿ ವೇಗದ ಗೆರೆ ತಿರುವಿನ ಹೊರಮಗ್ಗುಲಿಗೆ ಜರುಗಿತ್ತು. ಹೊಳೆಯ ನೀರು ಹೀಗೆಯೇ ಹರಿಯುತ್ತದೆ. 1859ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಮತ್ತೆ ಹೋಗಿ ಅಳೆದಾಗ ಚಳಿಗಾಲದ ವೇಗ ಬೇಸಿಗೆಯ ವೇಗದ ಸುಮಾರು ಅರ್ಧದಷ್ಟಿತ್ತು.

ಅದೇ 1859ರಲ್ಲಿ ಟಿಂಡಾಲ್ ಪ್ರಯೋಗಾಲಯದಲ್ಲಿ ಹೊಸ ಕೆಲಸವೊಂದನ್ನು ಆರಂಭಿಸಿದ್ದರು. ಉದ್ದನೆಯ ಹಿತ್ತಾಳೆ ಕೊಳವೆ. ಅದರ ಎರಡೂ ತುದಿಗೆ ಕಲ್ಲುಪ್ಪಿನ ಬಿಲ್ಲೆ. ಗಾಜು ಶಾಖದ ಕಿರಣವನ್ನು ತಡೆಯುತ್ತದೆ, ಕಲ್ಲುಪ್ಪು ಬಿಟ್ಟುಕೊಡುತ್ತದೆ ಎಂಬುದೇ ಈ ಆಯ್ಕೆಗೆ ಕಾರಣ. ಒಂದು ಕಡೆ ಕುದಿಯುವ ನೀರು ತುಂಬಿದ ತಾಮ್ರದ ಡಬ್ಬಿ, ಇನ್ನೊಂದು ಕಡೆ ಶಾಖವನ್ನು ವಿದ್ಯುತ್ತಾಗಿಸುವ ಥರ್ಮೊಪೈಲ್, ಅದಕ್ಕೆ ಜೋಡಿಸಿದ ಗ್ಯಾಲ್ವನೊಮೀಟರಿನ ಮುಳ್ಳು. ಕೊಳವೆಯಲ್ಲಿ ಆಮ್ಲಜನಕವಾಗಲಿ ಸಾರಜನಕವಾಗಲಿ ತುಂಬಿದರೆ ಮುಳ್ಳು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನೀರಾವಿಯನ್ನೋ ಇಂಗಾಲದ ಡೈಆಕ್ಸೈಡನ್ನೋ ಬಿಟ್ಟಾಗ ಮುಳ್ಳು ಸರಿಯಿತು: ಶಾಖವನ್ನು ಅನಿಲ ಹೀರಿಕೊಂಡಿತ್ತು. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆಂದು ಅಮೆರಿಕದ ಯೂನಿಸ್ ಫುಟ್ 1856ರಲ್ಲೇ ಪ್ರಕಟಿಸಿದ್ದರು. ಆ ಹೆಣ್ಣುಮಗಳಿಗೆ ಸಲ್ಲಬೇಕಾದ ಗೌರವ ಸಂದದ್ದು ಒಂದೂವರೆ ಶತಮಾನದ ಮೇಲೆ. ಭೂಮಿಯಿಂದ ಹೊರಡುವ ಶಾಖವನ್ನು ಯಾವ ಅನಿಲ ಎಷ್ಟು ತಡೆಯುತ್ತದೆ ಎಂದು ಅಳೆದು ತೋರಿಸಿದವರು ಟಿಂಡಾಲ್. ಪ್ರಾಚೀನ ಕಾಲದ ವಾಯುಗುಣದ ಏರಿಳಿತಗಳಿಗೆ ಈ ಅನಿಲಗಳ ಹೆಚ್ಚುಕಡಿಮೆಯೇ ಕಾರಣವಿರಬಹುದೆಂದು 1861ರಲ್ಲಿ ಅವರು ಸೂಚಿಸಿದರು.

ಪ್ರಯಾಣದಲ್ಲಿ ಕಣ್ಣು ತೆರೆದಿಟ್ಟ ಇನ್ನೊಬ್ಬ ಮೇಷ್ಟರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಸಿ.ವಿ. ರಾಮನ್ ಕೈಯಲ್ಲಿ ಒಂದು ನಿಕೋಲ್ ಪಟ್ಟಕ ಹಿಡಿದು ಕಡಲಿನ ನೀಲಿಯನ್ನು ಪರೀಕ್ಷಿಸಿದರು. ಕಡಲು ಆಕಾಶದ ಪ್ರತಿಬಿಂಬದಿಂದಷ್ಟೇ ನೀಲಿ ಎಂಬ ನಂಬಿಕೆಯನ್ನು ಅಲ್ಲಗಳೆದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ರಾಮನ್ ಅವರ ಬೆಳಕಿನ ಚದರಿಕೆಯ ಅಧ್ಯಯನಕ್ಕೂ ಟಿಂಡಾಲರ ಹೆಸರಿನಲ್ಲೇ ಇರುವ ಚದರಿಕೆಯ ಪರಿಣಾಮಕ್ಕೂ ನೇರವಾದ ಬಾಂಧವ್ಯವಿದೆ. ಇಬ್ಬರ ಬಳಿಯೂ ಇದ್ದದ್ದು ಚೀಲದಲ್ಲಿ ಹಿಡಿಯುವಷ್ಟು ಸಲಕರಣೆ, ಮತ್ತು ಅಳೆದು ನೋಡುವ ಹಟ.

ಟಿಂಡಾಲ್ ಗೂಟ ನೆಟ್ಟ ಹಿಮನದಿಗೆ ಇಂದು ಹೋದವರಿಗೆ ಏನು ಕಾಣುತ್ತದೆ? ಶಾಮೊನಿಯಿಂದ ಮೋಂಟನ್ವೇರ್ ನಿಲ್ದಾಣಕ್ಕೆ 1909ರಿಂದ ಹಲ್ಲುಹಳಿಯ ರೈಲು ಓಡುತ್ತಿದೆ. ಹತ್ತೊಂಬತ್ತನೆಯ ಶತಮಾನದ ಚಿತ್ರಗಳಲ್ಲಿ ಹಿಮ ಈ ನಿಲ್ದಾಣದ ಜಾಗದ ಹತ್ತಿರದವರೆಗೂ ತುಂಬಿಕೊಂಡಿದೆ. ಈಗ ಅದು ಕೆಳಗೆ, ಆಳದ ಕಣಿವೆಯಲ್ಲಿ. ಹಿಮದಲ್ಲಿ ಕೊರೆದ ಗವಿಗೆ ಪ್ರವಾಸಿಗಳನ್ನು ಇಳಿಸಲು 1988ರಲ್ಲಿ ತೂಗುತೊಟ್ಟಿಲು ಹಾಕಿದಾಗ, ಅದರಿಂದ ಹಿಮಕ್ಕೆ ಮೂರೇ ಮೆಟ್ಟಿಲು. ವರ್ಷವರ್ಷವೂ ಹಿಮ ಕುಸಿದಂತೆ ಮೆಟ್ಟಿಲು ಸೇರಿಸುತ್ತ ಹೋಗಿ ಸಂಖ್ಯೆ 500 ದಾಟಿತು. ಇಳಿಯುವ ದಾರಿಯ ಪಕ್ಕದ ಬಂಡೆಗೆ ಇಸವಿ ಬರೆದ ಫಲಕಗಳನ್ನು ಬಡಿದಿದ್ದಾರೆ: ಇಂಥ ವರ್ಷ ಹಿಮದ ಮಟ್ಟ ಇಲ್ಲಿತ್ತು ಎಂದು. ಒಂದು ಫಲಕದಿಂದ ಮುಂದಿನದಕ್ಕೆ ಇಳಿಯುವುದೆಂದರೆ ಕೆಲವು ವರ್ಷಗಳನ್ನು ಕಾಲಿನಿಂದ ದಾಟಿದಂತೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಮೈಸೂರಿನ ಮಕ್ಕಳಿಗೆ ಐನೂರು ಮೆಟ್ಟಿಲೆಂದರೆ ಎಷ್ಟೆಂದು ಮೊಣಕಾಲೇ ಹೇಳುತ್ತದೆ. ಅಷ್ಟು ಎತ್ತರದ ಹಿಮ ಅವರ ತಂದೆತಾಯಿಯ ಆಯುಸ್ಸಿನೊಳಗೇ ಇಲ್ಲವಾಯಿತೆಂದು ಶಿಕ್ಷಕರು ಹೇಳಿದರೆ ಸಾಕು.

ಕನ್ನಡನಾಡಿನಿಂದ ಬೇಸಿಗೆಯಲ್ಲಿ ಚಾರ್‌ಧಾಮ್ ಯಾತ್ರೆಗೆ ಹೋಗುವವರಲ್ಲಿ ಶಿಕ್ಷಕರೂ ಇರುತ್ತಾರೆ. ಗಂಗೋತ್ರಿಯ ದೇವಸ್ಥಾನದಿಂದ ಭೋಜಬಾಸಾದ ಮೂಲಕ ಸುಮಾರು 18 ಕಿ.ಮೀ. ನಡೆದರೆ ಗೋಮುಖ, ಅಂದರೆ ಗಂಗೋತ್ರಿ ಹಿಮನದಿಯ ಮೂತಿ. ಆ ಮೂತಿಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಜೆ.ಬಿ. ಆಡೆನ್ 1935ರಲ್ಲಿ ನಕ್ಷೆಗೆ ಇಳಿಸಿದರು; ಆಮೇಲಿನ ಹಿಂಜರಿತವನ್ನು ಅಳೆಯಲು ಆ ನಕ್ಷೆ ಆಧಾರವಾಯಿತು. ಸಾಕ್ಷ್ಯಚಿತ್ರಗಳ ನೀಲಿಬಿಳಿ ಹಿಮವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಗೋಮುಖದ ಮೊದಲ ನೋಟ ನಿರಾಸೆ ತರಬಹುದು. ಹಿಮದ ಮೈಯೆಲ್ಲ ಕಲ್ಲು, ಜಲ್ಲಿ, ಬೂದುಬಣ್ಣದ ಧೂಳು. ಆದರೆ ಈ ಕೊಳೆಯಲ್ಲೇ ಒಂದು ಪಾಠವಿದೆ. ತೆಳುವಾದ ಧೂಳು ಬಿಸಿಲನ್ನು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ. ದಪ್ಪನೆಯ ಕಲ್ಲಿನ ಹೊದಿಕೆ ಕಂಬಳಿಯಂತೆ ಹಿಮವನ್ನು ಕಾಯುತ್ತದೆ. ಹಿಮಾಲಯದ ಹಿಮನದಿಗಳೆಲ್ಲ ಒಂದೇ ವೇಗದಲ್ಲಿ ಹಿಂಜರಿಯದಿರುವುದಕ್ಕೆ ಇದೂ ಒಂದು ಕಾರಣ. ಇಂಥ ಸಂಗತಿ ತೆರೆಯ ಮೇಲೆ ಬರುವುದು ಅಪರೂಪ. ಬೂದುಬಣ್ಣದ ಹಿಮವನ್ನು ಯಾವ ಛಾಯಾಗ್ರಾಹಕನೂ ಆಸೆಪಟ್ಟು ಹಿಡಿಯುವುದಿಲ್ಲ.

ಇನ್ನು ಚಿತ್ರಗಳ ವಿಚಾರ. ಹಿಮನದಿಯನ್ನು ತೆರೆಗೆ ತಂದವುಗಳಲ್ಲಿ ಜೆಫ್ ಓರ್ಲೋವ್‌ಸ್ಕಿ ನಿರ್ದೇಶನದ ‘ಚೇಸಿಂಗ್ ಐಸ್’ (2012) ಮೊದಲ ಸಾಲಿನದು. ಛಾಯಾಗ್ರಾಹಕ ಜೇಮ್ಸ್ ಬೇಲಾಗ್ 2007ರಲ್ಲಿ ‘ಎಕ್ಸ್‌ಟ್ರೀಮ್ ಐಸ್ ಸರ್ವೆ’ ಎಂಬ ಯೋಜನೆ ಆರಂಭಿಸಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕ, ಮೊಂಟಾನಗಳ ಹಿಮನದಿಗಳೆದುರು ಬಂಡೆಗಳಿಗೆ ಕ್ಯಾಮೆರಾ ಬಿಗಿದರು. ಹಗಲಿರುವಷ್ಟು ಹೊತ್ತು ಅವು ತಾವಾಗಿಯೇ ಚಿತ್ರ ತೆಗೆಯುತ್ತಿದ್ದವು. ಮೊದಮೊದಲು ಸಲಕರಣೆಗಳು ಕೈಕೊಟ್ಟವು: ಟೈಮರ್ ಕೆಟ್ಟಿತು, ಗಾಳಿಗೆ ಪೆಟ್ಟಿಗೆ ಮುರಿಯಿತು. ಈ ಸೋಲುಗಳನ್ನು ಚಿತ್ರ ಮುಚ್ಚಿಡದೆ ತೋರಿಸುತ್ತದೆ. ಪ್ರಯೋಗಾಲಯದಲ್ಲಿ ಮಾಪಕ ಕೆಟ್ಟಾಗ ಸಪ್ಪಗಾಗುವ ಮಕ್ಕಳಿಗೆ ತೋರಿಸಲೇಬೇಕಾದ ಭಾಗ ಅದು. ಮೂರು ವರ್ಷಗಳ ಸಾವಿರಾರು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದಾಗ ನಿಂತಂತೆ ಕಾಣುತ್ತಿದ್ದ ಹಿಮ ನಿಜಕ್ಕೂ ನದಿಯಾಗಿ ಹರಿಯುತ್ತದೆ, ಹರಿಯುತ್ತಲೇ ಸೊರಗಿ ಹಿಂದೆ ಸರಿಯುತ್ತದೆ. ಟಿಂಡಾಲ್ ಗೂಟಗಳಿಂದ ಅಂದಾಜು ಮಾಡಿದ್ದು ಇಲ್ಲಿ ಕಣ್ಣಿಗೆ ಬಿತ್ತು.

ಆ ಚಿತ್ರದ ಹೆಸರಾಂತ ದೃಶ್ಯ 2008ರ ಮೇ 28ರದು. ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಹಿಮನದಿಯ ಎದುರು ವಾರಗಟ್ಟಲೆ ಡೇರೆ ಹಾಕಿ ಕಾದಿದ್ದ ಇಬ್ಬರ ಕ್ಯಾಮೆರಾಗಳ ಮುಂದೆ ಹಿಮದ ಗೋಡೆ 75 ನಿಮಿಷಗಳ ಕಾಲ ಕಳಚಿ ಕಡಲಿಗೆ ಬಿತ್ತು. ಬಿದ್ದ ಹಿಮ 7.4 ಘನ ಕಿಲೋಮೀಟರ್. ಮಕ್ಕಳಿಗೆ ಇದನ್ನು ಮನೆಯ ಲೆಕ್ಕಕ್ಕೆ ತಂದುಕೊಡಬಹುದು: ಕೃಷ್ಣರಾಜಸಾಗರದ ಸಾಮರ್ಥ್ಯ ಸುಮಾರು 49 ಟಿಎಂಸಿ, ಅಂದರೆ 1.4 ಘನ ಕಿಲೋಮೀಟರ್. ಐದು ಕೃಷ್ಣರಾಜಸಾಗರಗಳ ಗಾತ್ರದ ಹಿಮ ಒಂದು ಸಿನಿಮಾ ಮುಗಿಯುವಷ್ಟು ಹೊತ್ತಿನಲ್ಲಿ ಕಳಚಿತು.

ಶಿಕ್ಷಕರು ಇಲ್ಲಿಗೆ ನಿಲ್ಲಿಸಬಾರದು. ಚಿತ್ರ ಬಂದ ಕೆಲವು ವರ್ಷಗಳ ಮೇಲೆ, 2016ರ ಸುಮಾರಿಗೆ, ಇದೇ ಹಿಮನದಿಯ ವೇಗ ತಗ್ಗಿತು; ಮೂತಿಯ ಬಳಿ ಹಿಮ ದಪ್ಪವಾಯಿತು. ಪಕ್ಕದ ಡಿಸ್ಕೊ ಕೊಲ್ಲಿಗೆ ಬಂದ ತಣ್ಣನೆಯ ಕಡಲನೀರು ಇದಕ್ಕೆ ಕಾರಣವೆಂದು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹಿಮ ಕಳಚುವುದರಲ್ಲಿ ಗಾಳಿಯ ಶಾಖದಷ್ಟೇ ಕಡಲಿನ ಶಾಖದ ಪಾತ್ರವೂ ಇದೆಯೆಂದು ಇದು ತೋರಿಸಿತು. ಗ್ರೀನ್‌ಲ್ಯಾಂಡ್ ಒಟ್ಟಾರೆ ಹಿಮ ಕಳೆದುಕೊಳ್ಳುವುದು ಆಗಲೂ ನಿಂತಿರಲಿಲ್ಲ. ಚಿತ್ರ ಮುಗಿದ ಮೇಲೂ ಹಿಮನದಿಯ ಕಥೆ ಮುಂದುವರಿಯುತ್ತದೆ. ಆ ಮುಂದಿನ ಭಾಗವನ್ನು ಸೇರಿಸದೆ ಚಿತ್ರ ತೋರಿಸುವುದು ಅರ್ಧ ಪಾಠ.

ಈಗ ಎರಡನೆಯ ಬಗೆಗೆ ಬರೋಣ. ಡೇವಿಸ್ ಗುಗನ್‌ಹೈಮ್ ನಿರ್ದೇಶಿಸಿದ ‘ಆ್ಯನ್ ಇನ್‌ಕನ್ವೀನಿಯಂಟ್ ಟ್ರೂತ್’ (2006) ಬಹುಪಾಲು ಒಂದು ಉಪನ್ಯಾಸವೇ. ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ವೇದಿಕೆಯ ಮೇಲೆ ನಕ್ಷೆಗಳನ್ನು ತೋರಿಸುತ್ತ ಮಾತಾಡುತ್ತಾರೆ. ಆರೂವರೆ ಲಕ್ಷ ವರ್ಷಗಳ ಇಂಗಾಲದ ಡೈಆಕ್ಸೈಡ್ ಗೆರೆ ಗೋಡೆಯುದ್ದಕ್ಕೂ ಹರಿದು ಕೊನೆಯಲ್ಲಿ ಮೇಲೇರುವಾಗ, ಅದರ ತುದಿ ಮುಟ್ಟಲು ಅವರು ಯಾಂತ್ರಿಕ ಏಣಿಯೊಂದರ ಮೇಲೆ ನಿಂತು ಏರುತ್ತಾರೆ. ಕರಿಹಲಗೆಯ ಮುಂದೆ ಬದುಕು ಕಳೆದ ಯಾವ ಶಿಕ್ಷಕರೂ ಮೆಚ್ಚುವ ಉಪಾಯ. ಚಿತ್ರಕ್ಕೆ ಆಸ್ಕರ್ ಬಂತು. 2007ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಗೋರ್ ಮತ್ತು ವಿಶ್ವಸಂಸ್ಥೆಯ ವಾಯುಗುಣ ಸಮಿತಿಯಾದ ಐಪಿಸಿಸಿ ಹಂಚಿಕೊಂಡವು.

ಅದೇ ವರ್ಷ ಈ ಚಿತ್ರ ಲಂಡನ್ನಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಇಂಗ್ಲೆಂಡಿನ ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಇದರ ಡಿವಿಡಿ ಹಂಚುವುದನ್ನು ಶಾಲಾ ಆಡಳಿತ ಮಂಡಳಿಯ ಸದಸ್ಯರೊಬ್ಬರು ಪ್ರಶ್ನಿಸಿದ್ದರು. ನ್ಯಾಯಮೂರ್ತಿ ಬರ್ಟನ್ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪು ವಿಜ್ಞಾನ ಬೋಧನೆಯ ತರಬೇತಿಯಲ್ಲಿ ಓದಿಸತಕ್ಕದ್ದು. ಚಿತ್ರದ ಮುಖ್ಯ ವಿಜ್ಞಾನ ಸ್ಥೂಲವಾಗಿ ಸರಿ. ಆದರೆ ಒಂಬತ್ತು ಕಡೆ ಅದು ವಿಜ್ಞಾನಿಗಳ ಒಮ್ಮತವನ್ನು ಮೀರುತ್ತದೆ. ಶಿಕ್ಷಕರಿಗೆ ಮಾರ್ಗದರ್ಶಿ ಟಿಪ್ಪಣಿ ಜೊತೆಗಿದ್ದರೆ ತೋರಿಸಬಹುದು. ಆ ಒಂಬತ್ತರಲ್ಲಿ ಎರಡನ್ನು ನೋಡಿದರೆ ಸಾಕು. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಕಡಲು ಸುಮಾರು ಏಳು ಮೀಟರ್ ಏರುತ್ತದೆ, ನಿಜ. ಅದಕ್ಕೆ ಬೇಕಾಗುವುದು ಸಾವಿರಾರು ವರ್ಷ. ನಗರಗಳ ನಕ್ಷೆಯ ಮೇಲೆ ನೀರು ಹರಿಸಿ ತೋರಿಸಿದ ಚಿತ್ರ ಆ ಅವಧಿಯನ್ನು ಹೇಳಲಿಲ್ಲ. ಇನ್ನೊಂದು, ಆಫ್ರಿಕದ ಕಿಲಿಮಂಜಾರೋ ಶಿಖರದ ಹಿಮ. ಅಲ್ಲಿ ಹಿಮ ಕುಗ್ಗುತ್ತಿರುವುದು ಖಚಿತ. ಅದಕ್ಕೆ ಮಾನವನಿಂದಾದ ವಾಯುಗುಣ ಬದಲಾವಣೆಯೇ ಮುಖ್ಯ ಕಾರಣವೆಂದು ಸಾಧಿತವಾಗಿರಲಿಲ್ಲ. ಒಣಹವೆ, ಕಡಿಮೆ ಹಿಮಪಾತ, ಹಿಮ ನೇರವಾಗಿ ಆವಿಯಾಗುವುದು, ಇವೂ ಅಲ್ಲಿ ಕೆಲಸ ಮಾಡುತ್ತವೆ.

ಕಾಲದ ಲೆಕ್ಕದಲ್ಲಿ ಎಡವಿದ್ದು ಚಿತ್ರಗಳಷ್ಟೇ ಅಲ್ಲ. ಅಮೆರಿಕದ ಮೊಂಟಾನದಲ್ಲಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ, ಇಲ್ಲಿನ ಹಿಮನದಿಗಳು 2020ರ ವೇಳೆಗೆ ಇಲ್ಲವಾಗುತ್ತವೆ ಎಂದು ಫಲಕ ಹಾಕಿದ್ದರು. 2020 ಬಂತು, ಹಿಮನದಿಗಳು ಸೊರಗಿದ್ದವು, ಆದರೆ ಇದ್ದವು. ಫಲಕವನ್ನು ತಿದ್ದಿ, ಯಾವಾಗ ಮರೆಯಾಗುತ್ತವೆ ಎಂಬುದು ಮನುಷ್ಯರು ಏನು ಮಾಡುತ್ತಾರೆ ಎಂಬುದರ ಮೇಲಿದೆ ಎಂಬ ಅರ್ಥದ ಬರಹ ಹಾಕಿದರು. ಹಿಮಾಲಯದ ಹಿಮನದಿಗಳು 2035ಕ್ಕೆ ಇಲ್ಲವಾಗಬಹುದೆಂದು ಐಪಿಸಿಸಿಯ 2007ರ ವರದಿಯಲ್ಲಿ ನುಸುಳಿದ್ದ ಮಾತನ್ನು ಆ ಸಮಿತಿ 2010ರ ಜನವರಿಯಲ್ಲಿ ತಪ್ಪೆಂದು ಒಪ್ಪಿಕೊಂಡಿತು. ಚಿತ್ರ, ಫಲಕ, ವರದಿ, ಮೂರೂ ಕಡೆ ದಿಕ್ಕು ಸರಿಯಿತ್ತು, ಕಾಲದ ಲೆಕ್ಕ ತಪ್ಪಿತ್ತು. ತಪ್ಪಿದ ಲೆಕ್ಕವನ್ನು ಹಿಡಿದು ದಿಕ್ಕನ್ನೇ ಸುಳ್ಳೆನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಮಾತು ತರಗತಿಗೆ ಬಂದು ಮುಟ್ಟುವ ಮೊದಲೇ ಶಿಕ್ಷಕರು ಈ ಮೂರು ಪ್ರಸಂಗಗಳನ್ನು ತಾವಾಗಿ ಹೇಳಿಬಿಡುವುದು ಒಳ್ಳೆಯದು. ತಿದ್ದಿಕೊಂಡದ್ದನ್ನು ಬಚ್ಚಿಡುವುದರಿಂದ ವಿಜ್ಞಾನಕ್ಕೆ ಮಾನ ಬರುವುದಿಲ್ಲ.

ಮೂರನೆಯದು ಪ್ರಳಯದ ಕಥಾಚಿತ್ರ. ರೋಲಂಡ್ ಎಮರಿಕ್ ಅವರ ‘ದಿ ಡೇ ಆಫ್ಟರ್ ಟುಮಾರೋ’ (2004) ಅಂಟಾರ್ಕ್ಟಿಕದ ಲಾರ್ಸೆನ್ ಬಿ ಹಿಮಚಾಚಿನ ಮೇಲೆ ಶುರುವಾಗುತ್ತದೆ. ನವದೆಹಲಿಯ ಸಮ್ಮೇಳನದ ಹೊರಗೆ ಹಿಮ ಬೀಳುತ್ತದೆ. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಹೆಪ್ಪುಗಟ್ಟುತ್ತದೆ. ಇದರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಲಾರ್ಸೆನ್ ಬಿ 2002ರಲ್ಲಿ ನಿಜಕ್ಕೂ ಒಡೆಯಿತು. ಸುಮಾರು 3,250 ಚದರ ಕಿಲೋಮೀಟರ್ ಹಿಮ ಒಂದು ತಿಂಗಳ ಆಸುಪಾಸಿನಲ್ಲಿ ಚೂರುಚೂರಾಯಿತು. ಅದು ತೇಲುತ್ತಿದ್ದ ಹಿಮವಾದ್ದರಿಂದ ಅದರಿಂದಲೇ ಕಡಲಮಟ್ಟ ಏರಲಿಲ್ಲ. ಲೋಟದ ನೀರಿನಲ್ಲಿ ಐಸ್ ಕರಗಿಸಿ ಮಕ್ಕಳು ಇದನ್ನು ನೋಡಬಹುದು. ಆದರೆ ಅದು ಹಿಂದಿನ ಹಿಮನದಿಗಳಿಗೆ ಅಡ್ಡಗಟ್ಟೆಯಾಗಿತ್ತು. ಗಟ್ಟೆ ಹೋದ ಮೇಲೆ ನೆಲದ ಮೇಲಿನ ಆ ಹಿಮನದಿಗಳು ಕಡಲಿಗೆ ಧಾವಿಸಿದವು.

ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ದುರ್ಬಲವಾಗಬಹುದೆಂಬುದೂ ಕಟ್ಟುಕಥೆಯಲ್ಲ. ಕಾಕತಾಳೀಯವೆಂಬಂತೆ, ಚಿತ್ರ ಬಿಡುಗಡೆಯಾದ ವರ್ಷವೇ ಆ ಸಾಗರದ 26.5 ಡಿಗ್ರಿ ಉತ್ತರ ಅಕ್ಷಾಂಶದುದ್ದಕ್ಕೂ ಮಾಪಕಗಳನ್ನು ಇಳಿಬಿಟ್ಟು ಪ್ರವಾಹವನ್ನು ನಿರಂತರವಾಗಿ ಅಳೆಯಲು ತೊಡಗಿದರು. ಈ ಶತಮಾನದಲ್ಲಿ ಪ್ರವಾಹ ದುರ್ಬಲವಾಗುವುದು ಬಹುಮಟ್ಟಿಗೆ ಖಚಿತ, 2100ರೊಳಗೆ ಒಮ್ಮೆಲೇ ಕುಸಿಯದೆಂಬುದು ಮಧ್ಯಮ ಭರವಸೆಯ ಅಂದಾಜು ಎಂದು ಐಪಿಸಿಸಿಯ 2021ರ ವರದಿ ಹೇಳಿತು. ಚಿತ್ರದ ನಿಜವಾದ ಜೊಳ್ಳು ಇನ್ನೊಂದು ಕಡೆಯಿದೆ: ಎತ್ತರದಿಂದ ಧುಮುಕಿದ ಚಳಿಗಾಳಿ ಕ್ಷಣದಲ್ಲಿ ಎಲ್ಲವನ್ನೂ ಹೆಪ್ಪುಗಟ್ಟಿಸುವ ದೃಶ್ಯ. ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ತರಗತಿಗೆ ಸೈಕಲ್ ಪಂಪೊಂದನ್ನು ತಂದು, ಬಾಯಿಗೆ ಬೆರಳಿಟ್ಟು ನಾಲ್ಕು ಸಲ ಒತ್ತಿದರೆ ಕೊಳವೆಯ ಬುಡ ಬೆಚ್ಚಗಾಗುವುದು ಮಗುವಿನ ಕೈಗೇ ತಿಳಿಯುತ್ತದೆ. ಹಾಲಿವುಡ್ಡಿನ ಕೋಟ್ಯಂತರ ಡಾಲರಿನ ದೃಶ್ಯವನ್ನು ಪಂಚರ್ ಅಂಗಡಿಯ ಪಂಪು ಪರೀಕ್ಷಿಸಬಲ್ಲದು ಎಂಬ ಅರಿವು ಆ ಮಗುವಿಗೆ ದೊಡ್ಡ ಬಲ.

ವಾಯುಗುಣದಲ್ಲಿ ಆಗುವುದನ್ನು ಹವಾಮಾನದ ವೇಗಕ್ಕೆ ಇಳಿಸಿದ್ದು ಈ ಚಿತ್ರದ ಮೂಲ ದೋಷ. ಆದರೂ ಇದನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಅಮೆರಿಕದಲ್ಲಿ ಬಿಡುಗಡೆಯ ಹೊತ್ತಿನಲ್ಲೇ ನಡೆದ ಸಮೀಕ್ಷೆಯಲ್ಲಿ, ಚಿತ್ರ ನೋಡಿದವರಲ್ಲಿ ನೋಡದವರಿಗಿಂತ ಹೆಚ್ಚು ಕಾಳಜಿ ಕಂಡುಬಂದಿತ್ತು. ಕಾಳಜಿ ಹುಟ್ಟಿಸುವುದು ಚಿತ್ರದ ಕೈಲಿದೆ, ಅದಕ್ಕೆ ಅಳತೆ ಕೊಡುವುದು ಶಿಕ್ಷಕರ ಕೈಲಿದೆ.

ಭಾರತದ ಚಿತ್ರಗಳು ಬೇರೆ ದಾರಿ ಹಿಡಿದಿವೆ. ನೀಲಮಾಧವ ಪಾಂಡಾ ಅವರ ಹಿಂದಿ ಚಿತ್ರ ‘ಕಡ್ವೀ ಹವಾ’ದಲ್ಲಿ (2017) ಹಿಮನದಿಯೂ ಇಲ್ಲ, ಅಬ್ಬರದ ಅಲೆಯೂ ಇಲ್ಲ. ಮಳೆ ಕೈಕೊಟ್ಟ ಊರು, ಮಗ ಸಾಲದ ಹೊರೆಗೆ ಪ್ರಾಣ ಬಿಟ್ಟಾನೆಂದು ಹೆದರಿದ ಕುರುಡ ಮುದುಕ, ಸಾಲ ವಸೂಲಿಗೆ ಬರುವ ಒಡಿಶಾ ಕರಾವಳಿಯ ಯುವಕ. ಸಂಜಯ್ ಮಿಶ್ರಾ ಮುದುಕನಾಗಿ, ರಣವೀರ್ ಶೌರಿ ವಸೂಲಿಗಾರನಾಗಿ ನಟಿಸಿದ್ದಾರೆ. ಒಬ್ಬನ ಊರಲ್ಲಿ ನೀರಿಲ್ಲ, ಇನ್ನೊಬ್ಬನ ಊರನ್ನು ನೀರೇ ನುಂಗುತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಂಡುವ ಸ್ಥಿತಿಗೆ ಬಂದಿದ್ದಾರೆ. ವಾಯುಗುಣ ಬದಲಾವಣೆ ಸಾಲದ ಚೀಟಿಯಾಗಿ ಮನೆಬಾಗಿಲಿಗೆ ಬರುವ ಬಗೆಯನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರ ವಿರಳ. ಉತ್ತರ ಕರ್ನಾಟಕದ ಒಣಬೇಸಾಯದ ಊರುಗಳ ಮಕ್ಕಳಿಗೆ ಇದಕ್ಕೆ ವಿವರಣೆಯೇ ಬೇಡ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಸಾತಭಾಯಾದಲ್ಲಿ ಊರ ಹಿಂದೆ ಊರನ್ನು ಕಡಲು ನುಂಗಿದೆ. ಉಳಿದ ಕುಟುಂಬಗಳನ್ನು ಬಾಗಪಟಿಯಾಕ್ಕೆ ಸ್ಥಳಾಂತರಿಸಿದ್ದಾರೆ. ಪಾಂಡಾ ಒಡಿಯಾದಲ್ಲಿ ತೆಗೆದ ‘ಕಾಲಿರ ಅತೀತ’ ಈ ಕರಾವಳಿಯದೇ ಕಥೆ. ಇಲ್ಲೂ ಶಿಕ್ಷಕರು ಎಚ್ಚರ ತಪ್ಪಬಾರದು: ತೀರದ ಕೊರೆತಕ್ಕೆ ಏರುವ ಕಡಲಿನ ಜೊತೆಗೆ ಚಂಡಮಾರುತಗಳು, ನದಿಗಳು ತರುವ ಮರಳಿನ ಕೊರತೆಯೂ ಸೇರುತ್ತವೆ.

ಕೊನೆಯದಾಗಿ ಐಸ್‌ಲ್ಯಾಂಡಿನ ಓಕ್. ಅದೊಂದು ಬೆಟ್ಟ; ಅದರ ನೆತ್ತಿಯ ಹಿಮನದಿಯ ಹೆಸರು ಓಕ್‌ಯೋಕುಟ್ಲ್. ಹಿಮನದಿ ಎನಿಸಿಕೊಳ್ಳಲು ಹಿಮ ತನ್ನದೇ ಭಾರಕ್ಕೆ ಸರಿಯುವಷ್ಟು ದಪ್ಪವಿರಬೇಕು. ಓಕ್‌ನ ಹಿಮ ಆ ದಪ್ಪವನ್ನು ಕಳೆದುಕೊಂಡಿತೆಂದು ಹಿಮತಜ್ಞ ಒಡ್ಡೂರ್ ಸಿಗುರ್ಡ್ಸನ್ 2014ರಲ್ಲಿ ಅದನ್ನು ಹಿಮನದಿಗಳ ಪಟ್ಟಿಯಿಂದ ತೆಗೆದರು. ಟಿಂಡಾಲರಂತೆ ಆಗ ಅಲ್ಲಿ ಗೂಟ ನೆಟ್ಟಿದ್ದರೆ ಅದು ಮರುದಿನ ಇದ್ದಲ್ಲೇ ಇರುತ್ತಿತ್ತು. ಇಬ್ಬರು ಮಾನವಶಾಸ್ತ್ರಜ್ಞರು, ಸಿಮೀನ್ ಹೌ ಮತ್ತು ಡೊಮಿನಿಕ್ ಬಾಯರ್, ಈ ಬೆಟ್ಟದ ಬಗ್ಗೆ 2018ರಲ್ಲಿ ‘ನಾಟ್ ಓಕೆ’ ಎಂಬ ಸಣ್ಣ ಸಾಕ್ಷ್ಯಚಿತ್ರ ತಂದರು. ಅದರಲ್ಲಿ ಗೋಡೆಗಳು ಕುಸಿಯುವುದಿಲ್ಲ, ಗೆರೆಗಳು ಛಾವಣಿಗೆ ಏರುವುದಿಲ್ಲ. ಬೆಟ್ಟವೇ ಮಾತಾಡಿದಂತೆ ನಿರೂಪಣೆ ಇದೆ, ನಡೆದು ಹೋಗುವ ಕೆಲವು ಜನ ಇದ್ದಾರೆ. ನೋಡಿದವರಲ್ಲಿ ಕೆಲವರು ಆ ನಡಿಗೆಯನ್ನು ತಾವೂ ಮಾಡಲು ಹೊರಟರು.

2019ರ ಆಗಸ್ಟ್ 18ರಂದು ನೂರರಷ್ಟು ಜನ ಬೆಟ್ಟ ಹತ್ತಿ, ಹಿಮವಿದ್ದ ಜಾಗದ ಒಂದು ಬಂಡೆಗೆ ತಾಮ್ರದ ಫಲಕ ಜೋಡಿಸಿದರು. ಹತ್ತಿದವರಲ್ಲಿ ಮಕ್ಕಳೂ ಇದ್ದರು. ಐಸ್‌ಲ್ಯಾಂಡಿಕ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ, ಮುಂದೊಂದು ದಿನ ಅಲ್ಲಿಗೆ ಬರುವವರಿಗೆ ಬರೆದ ಕಾಗದದಂತಿದೆ ಅದರ ಬರಹ. ಬರೆದವರು ಲೇಖಕ ಆಂಡ್ರಿ ಸ್ನೇರ್ ಮಾಗ್ನಾಸನ್. ತಳದಲ್ಲಿ ತಿಂಗಳು, ಇಸವಿ ಮತ್ತು ಒಂದು ಅಳತೆ: ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ 415 ಭಾಗ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಅಳೆಯಲು ಆರಂಭಿಸಿದಾಗ ಆ ಸಂಖ್ಯೆ 313 ಆಗಿತ್ತು. ಅದೇ ಕೇಂದ್ರದಲ್ಲಿ 2025ರ ಮೇ ತಿಂಗಳ ಸರಾಸರಿ 430 ದಾಟಿತು.